ಬರೀ ‘ವಾವ್’ ಅಂದರೆ ಸಾಲದು

ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಹೋದ ಮೊದಲ ವಾರವೇ ಎಡವಿದೆ. ಪಕ್ಕದ ಟೇಬಲ್ಲಿನವಳು ತನ್ನ ಅಜ್ಜಿಗೆ 100 ವರ್ಷ ತುಂಬಿತು, ರಾಜಮನೆತನದ ಅರಮನೆಯಿಂದ ಶುಭಾಶಯದ ಕಾರ್ಡ್ ಬಂತು ಅಂದಳು. ನಾನು ‘ವಾಟ್ ಎ ವಂಡರ್‌ಫುಲ್ ಥಿಂಗ್ ಇಟ್ ಈಸ್’ ಅಂದೆ, ಪಾಠ ಒಪ್ಪಿಸುವ ದನಿಯಲ್ಲಿ. ಹೈಸ್ಕೂಲಿನಲ್ಲಿ ಮೇಷ್ಟ್ರು ಎಕ್ಸ್‌ಕ್ಲಮೇಟರಿ ಸೆಂಟೆನ್ಸ್, ಅಂದರೆ ಅಚ್ಚರಿ ತೋರುವ ವಾಕ್ಯ, ಬರೆಸಿದ್ದು ಹಾಗೇ ಅಲ್ವಾ? ಅವಳು ನನ್ನ ಮುಖ ನೋಡಿ, ತಮಾಷೆ ಮಾಡ್ತಿದ್ದೀಯಾ ಅಂತ ಕೇಳಿಬಿಟ್ಟಳು.

ಆಮೇಲೆ ಟೀ ಕುಡಿಯುವಾಗ ಸುಮ್ನೆ ಕಿವಿ ಕೊಟ್ಟು ಕೂರತೊಡಗಿದೆ. ಅಚ್ಚರಿಗೆ ಇವರು ದೊಡ್ಡ ಪದ ಹುಡುಕುವುದೇ ಇಲ್ಲ. ಎದುರಿನವರ ಮಾತಿನ ಬಾಲ ಹಿಡಿದು ತಿರುಗಿಸುತ್ತಾರೆ. ‘ನಡೆದುಕೊಂಡೇ ಬಂದೆ’ ಅಂದರೆ ‘ಡಿಡ್ ಯೂ?’, ‘ಅವಳಿಗೆ ಐದು ಭಾಷೆ ಬರುತ್ತದೆ’ ಅಂದರೆ ‘ಕ್ಯಾನ್ ಶೀ?’. ನಮಗಾದರೆ ಹುಟ್ಟಿದ್ದಕ್ಕೂ ಸತ್ತಿದ್ದಕ್ಕೂ ಒಂದೇ ‘ಹೌದಾ?’ ಸಾಕು. ಅವರಿಗೆ ಈಸ್, ಡಸ್, ಹ್ಯಾವ್, ವುಡ್ ಅಂತ ಪ್ರತಿ ಸಲ ಜೋಡಿ ಹುಡುಕಬೇಕು.

ನನಗಂತೂ ಇದು ಮೊದಲು ಅನುಮಾನದ ಹಾಗೆ ಕೇಳಿಸುತ್ತಿತ್ತು. ಅವರು ಮಳೆ ಬಗ್ಗೆ ಗೊಣಗುತ್ತಿದ್ದಾಗ, ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7 ಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ ಅಂದೆ. ‘ಡಸ್ ಇಟ್?’ ಅಂದರು. ನಂಬಲಿಲ್ಲ ಅಂದುಕೊಂಡು ಮೊಬೈಲ್ ತೆಗೆದು ಲೆಕ್ಕ ತೋರಿಸಲು ಹೊರಟೆ! ಪಾಪ, ಅವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು ಅಷ್ಟೇ.

ಕಲಿತದ್ದು ಬಸ್ಸಿನಲ್ಲಿ. ಕಿವಿಯಲ್ಲಿ ರೇಡಿಯೋ ಹಾಕಿಕೊಂಡು, ಅದರಲ್ಲಿ ಯಾರು ಏನೇ ಹೇಳಲಿ, ಮೆಲ್ಲಗೆ ‘ಹ್ಯಾಸ್ ಹೀ?’, ‘ವರ್ ದೇ?’ ಅಂತ ಗೊಣಗುವುದು. ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ನಾಚಿಕೆಯಾಗುತ್ತಿತ್ತು, ಯಾಕೆಂದರೆ ನನ್ನ ದನಿ ಕೊನೆಯಲ್ಲಿ ಕೆಳಗಿಳಿಯುತ್ತಿತ್ತು. ಹಾಗೆ ಸಪ್ಪಗೆ ಇಳಿದರೆ ‘ಸರಿ ಬಿಡು’ ಅಂದಂತೆ. ಮೇಲೇರಿದರೆ ಮಾತ್ರ ಬೆರಗು. ಎರಡು ತಿಂಗಳು ಹಿಡಿಯಿತು.

ಅಚ್ಚರಿಯ ಪದಗಳೂ ಮಜವಾಗಿವೆ. ‘ಗಾಬ್‌ಸ್ಮ್ಯಾಕ್ಡ್’ ಅಂದರೆ ಬಾಯಿಗೇ ಏಟು ಬಿದ್ದ ಹಾಗೆ. ನಾವು ಮೂಗಿನ ಮೇಲೆ ಬೆರಳಿಟ್ಟರೆ ಅವರು ಬಾಯಿಗೇ ಹೊಡೆಸಿಕೊಳ್ಳುತ್ತಾರೆ. ‘ಬ್ಲೈಮಿ’ ಹುಟ್ಟಿದ್ದು ‘ದೇವರು ನನ್ನ ಕಣ್ಣು ಕುರುಡು ಮಾಡಲಿ’ ಅನ್ನುವ ಆಣೆಯಿಂದ. ದೇವರ ಹೆಸರು ಬಾಯಿಗೆ ಬರಬಾರದು ಅಂತ ‘ಗಾಡ್’ ಅನ್ನು ‘ಗಾಶ್’ ಮಾಡಿಕೊಂಡರು. ನಾವು ‘ಅಯ್ಯೋ ಶಿವನೇ’ ಅಂತ ನೇರವಾಗಿ ಕರೆದುಬಿಡುತ್ತೇವೆ, ಶಿವನಿಗೂ ಬೇಜಾರಿಲ್ಲ. ‘ಓಎಂಜಿ’ (ಓ ಮೈ ಗಾಡ್) ಈಗಿನ ಹುಡುಗರದ್ದು ಅಂದುಕೊಂಡಿದ್ದೆ, ಅದು 1917ರಲ್ಲೇ ನೌಕಾಪಡೆಯ ಅಡ್ಮಿರಲ್ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿದೆ. ನಾನು ಒಂದು ಸಲ ‘ಬ್ಲೈಮಿ’ ಅಂದಾಗ ಇಡೀ ಆಫೀಸು ನಕ್ಕಿತು. ಅದು ಅವರ ತಾತಂದಿರ ಕಾಲದ ಮಾತಂತೆ. ಅಲ್ಲಿಗೆ ಅದನ್ನು ಬಿಟ್ಟೆ.

ಕೊನೆಗೆ ಬಂದದ್ದು ‘ನಾಟ್ ಬ್ಯಾಡ್’. ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯಲ್ಲಿ ತುಂಬಾ ಇಷ್ಟವಾದದ್ದಕ್ಕೂ ಅಷ್ಟೇ ಹೇಳಿ ಸುಮ್ಮನಾಗುವವರಿದ್ದಾರೆ. ಇದು ನನಗೆ ಎಷ್ಟು ಹತ್ತಿತು ಅಂದರೆ, ಅಕ್ಕ ಹೊಸ ಮನೆಯ ಫೋಟೋ ಕಳಿಸಿದಾಗ ನಿಜವಾಗಿ ಬೆರಗಾಗಿ ‘ಪರವಾಗಿಲ್ಲ ಕಣೇ’ ಅಂದುಬಿಟ್ಟೆ. ಎರಡು ವಾರ ನನ್ನ ಫೋನ್ ಎತ್ತಲಿಲ್ಲ.