ಎಸ್‌ಜಿಪಿಎ, ಸಿಜಿಪಿಎ ಲೆಕ್ಕ ಹಾಕುವುದು ಹೇಗೆ?

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆದರೂ ಅಂಕಪಟ್ಟಿ ಕೈಯಲ್ಲಿದ್ದರೆ ಜಿಪಿಎ ಲೆಕ್ಕ ಹಾಳೆಯ ಮೇಲೆ ಹತ್ತು ನಿಮಿಷದ ಕೆಲಸ. ಎಸ್‌ಜಿಪಿಎ ಎಂದರೆ ಒಂದು ಸೆಮಿಸ್ಟರ್‌ನ ಗ್ರೇಡ್ ಪಾಯಿಂಟ್‌ಗಳ ಸರಾಸರಿ, ಸಿಜಿಪಿಎ ಎಂದರೆ ಇದುವರೆಗಿನ ಎಲ್ಲ ಸೆಮಿಸ್ಟರ್‌ಗಳದ್ದು.

ಅಂಕಪಟ್ಟಿಯಲ್ಲಿ ನೋಡಬೇಕಾದ ಕಾಲಂ ಎರಡೇ: ಕ್ರೆಡಿಟ್ (ಆ ವಿಷಯಕ್ಕಿರುವ ತೂಕ) ಮತ್ತು ಗ್ರೇಡ್ ಪಾಯಿಂಟ್. ಪಾಯಿಂಟ್ ಇಲ್ಲದೆ ಬರೀ ಗ್ರೇಡ್ ಇದ್ದರೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಪಕದಲ್ಲಿ ಓ 10, ಎ+ 9, ಎ 8, ಬಿ+ 7, ಬಿ 6, ಸಿ 5, ಪಿ 4, ಎಫ್ 0. ನಿಮ್ಮ ಅಂಕಪಟ್ಟಿಯ ಹಿಂಬದಿಯಲ್ಲಿ ಬೇರೆ ಕೋಷ್ಟಕ ಇದ್ದರೆ ಅದನ್ನೇ ಹಿಡಿಯಿರಿ. ಕೆಲವು ಕಡೆ 67 ಅಂಕಕ್ಕೆ 6.7 ಎಂದು ದಶಮಾಂಶದಲ್ಲೇ ಕೊಡುತ್ತಾರೆ.

ಪ್ರತಿ ವಿಷಯದ ಕ್ರೆಡಿಟ್‌ನ್ನು ಅದರ ಪಾಯಿಂಟ್‌ನಿಂದ ಗುಣಿಸಿ. ಉದಾಹರಣೆಗೆ ಬಿಎಸ್‌ಸಿಯ ಒಂದು ಸೆಮಿಸ್ಟರ್:

ಕನ್ನಡ 3 × 8 = 24
ಇಂಗ್ಲಿಷ್ 3 × 7 = 21
ಭೌತಶಾಸ್ತ್ರ 4 × 6 = 24
ಭೌತಶಾಸ್ತ್ರ ಲ್ಯಾಬ್ 2 × 10 = 20
ಗಣಿತ 4 × 5 = 20

ಮೊತ್ತ 109, ಕ್ರೆಡಿಟ್ 16. ಭಾಗಿಸಿದರೆ ಎಸ್‌ಜಿಪಿಎ 6.81. ಹೆಚ್ಚಿನವರು ಎಡವುವುದು ಇಲ್ಲೇ: ಐದು ಪಾಯಿಂಟ್ ಕೂಡಿಸಿ ಐದರಿಂದ ಭಾಗಿಸಿ 7.2 ಎಂದುಕೊಳ್ಳುತ್ತಾರೆ. ಎರಡು ಕ್ರೆಡಿಟ್‌ನ ಲ್ಯಾಬಿಗೂ ನಾಲ್ಕು ಕ್ರೆಡಿಟ್‌ನ ಗಣಿತಕ್ಕೂ ಒಂದೇ ತೂಕ ಕೊಟ್ಟ ಹಾಗಾಯಿತು.

ಗಣಿತ ಫೇಲಾಗಿದ್ದರೆ? ಪಾಯಿಂಟ್ ಸೊನ್ನೆ, ಆದರೆ ಅದರ 4 ಕ್ರೆಡಿಟ್ ಛೇದದಲ್ಲಿ ಉಳಿಯುತ್ತದೆ: 89 ÷ 16 = 5.56. ಆ ವಿಷಯವನ್ನೇ ಕೈಬಿಟ್ಟು 12ರಿಂದ ಭಾಗಿಸಿದರೆ 7.42 ಬರುತ್ತದೆ, ಅದನ್ನು ನಂಬಿ ಕೂರಬೇಡಿ. ಬ್ಯಾಕ್ ಇದ್ದಾಗ ಎಸ್‌ಜಿಪಿಎ ಕಾಲಂ ಖಾಲಿ ಬಿಡುವ ವಿಶ್ವವಿದ್ಯಾಲಯಗಳೂ ಇವೆ. ಕ್ರೆಡಿಟ್ ಸೊನ್ನೆ ಎಂದಿರುವ ವಿಷಯಗಳನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಕಿಲ್ಲ.

ಸಿಜಿಪಿಎಗೂ ಇದೇ ದಾರಿ. ಎರಡನೇ ಸೆಮಿಸ್ಟರ್‌ನಲ್ಲಿ 20 ಕ್ರೆಡಿಟ್‌ಗೆ 8.10 ಬಂದಿದ್ದರೆ 162. ಮೊದಲಿನ 109 ಸೇರಿ 271. 36ರಿಂದ ಭಾಗಿಸಿದರೆ 7.53. ಎರಡು ಎಸ್‌ಜಿಪಿಎ ಕೂಡಿಸಿ ಅರ್ಧ ಮಾಡಿದರೆ 7.46 ಆಗಿ ಬಿಡುತ್ತದೆ. ಮಧ್ಯೆ ಎಲ್ಲೂ ದಶಮಾಂಶ ಕತ್ತರಿಸದೆ ಕೊನೆಗೆ ಎರಡು ಸ್ಥಾನಕ್ಕೆ ಸರಿಹೊಂದಿಸಿ.

ನಿಜವಾದ ತಲೆನೋವು ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವುದು. ಒಂದೇ ಮನೆಯಲ್ಲಿ ಅಣ್ಣ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿದರೆ ಅಂಕಪಟ್ಟಿ ವಿಟಿಯುದು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ). ತಂಗಿ ಸಾಗರದಲ್ಲಿ ಡಿಗ್ರಿ ಓದಿದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ್ದು. ಒಬ್ಬರ ಸೂತ್ರ ಇನ್ನೊಬ್ಬರಿಗೆ ಹಾಕಬಾರದು. 7.53ನ್ನು ನೇರ ಹತ್ತರಿಂದ ಗುಣಿಸಿದರೆ 75.3, ಮೊದಲು 0.75 ಕಳೆದು ಗುಣಿಸುವ ಸೂತ್ರದಲ್ಲಿ 67.8. ಶೇ. 70 ಕೇಳುವ ಅರ್ಜಿಯಲ್ಲಿ ಇಷ್ಟು ವ್ಯತ್ಯಾಸವೇ ಅರ್ಹತೆ ತಪ್ಪಿಸುತ್ತದೆ. ನೀವು ಸೇರಿದ ವರ್ಷದ ಸ್ಕೀಮಿಗೆ (ಪಠ್ಯಕ್ರಮ ಪದ್ಧತಿಗೆ) ಯಾವ ಸೂತ್ರ ಎಂದು ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ನೋಡಿಕೊಂಡು, ಅದರ ಪ್ರತಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ.