ದಾವಣಗೆರೆಯ ಬೇಕರಿಗಳಲ್ಲಿ ಗ್ಲುಟನ್ ಮತ್ತು ಹಾಲಿನಂಶವಿಲ್ಲದ ತಿನಿಸನ್ನು ಕೇಳಿ ಕೊಳ್ಳುವ ಬಗೆ

ಬೆಣ್ಣೆ, ಮೊಟ್ಟೆ ಹಾಕದ ಬಿಸ್ಕತ್ತಿನಲ್ಲಿ ಮೈದಾ ಇರಬಹುದು, ಗೋಧಿಯಿಲ್ಲದ ಬಿಸ್ಕತ್ತಿನಲ್ಲಿ ತುಪ್ಪ ಇರಬಹುದು; ಆದುದರಿಂದ ಗ್ಲುಟನ್ (ಗೋಧಿ, ಮೈದಾಗಳಲ್ಲಿರುವ ಪ್ರೋಟೀನು) ಮತ್ತು ಹಾಲಿನಂಶ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು. ಬೆಣ್ಣೆ ದೋಸೆಗೆ ಹೆಸರಾದ ದಾವಣಗೆರೆಯಲ್ಲಿ ಬೆಣ್ಣೆ ಬೇಡವೆಂದು ಹೇಳಲು ಸಂಕೋಚ ಪಡಬೇಕಿಲ್ಲ. ರಾಗಿ ಅಥವಾ ನವಣೆ ಬಿಸ್ಕತ್ತು ಎಂಬ ಹೆಸರನ್ನಷ್ಟೇ ನಂಬದೆ, ಅದಕ್ಕೆ ಮೈದಾ, ರವೆ ಅಥವಾ ಗೋಧಿಹಿಟ್ಟು ಬೆರೆಸಿದ್ದಾರೆಯೇ ಎಂದು ಒಂದೊಂದಾಗಿ ವಿಚಾರಿಸಿರಿ.

ಸೀಲಿಯಾಕ್ ಕಾಯಿಲೆಯುಳ್ಳವರು, ಅಂದರೆ ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವವರು, ಇಷ್ಟಕ್ಕೆ ನಿಲ್ಲುವಂತಿಲ್ಲ. ಹಾರಿ ಬಿದ್ದ ಮೈದಾ ಪುಡಿಯೂ ಅವರ ಸಣ್ಣ ಕರುಳಿಗೆ ಹಾನಿ ಮಾಡಬಲ್ಲದಾದ್ದರಿಂದ, ಹಿಟ್ಟು ಕಲಸುವ ಪಾತ್ರೆ, ಬೇಯಿಸುವ ತಟ್ಟೆ ಹಾಗೂ ಓವನ್ ಪ್ರತ್ಯೇಕವಾಗಿವೆಯೇ ಎಂಬುದನ್ನು ಕೌಂಟರಿನಲ್ಲಿರುವವರಿಗಿಂತ ತಯಾರಿಸುವವರನ್ನೇ ಕೇಳುವುದು ಲೇಸು. ಪೊಟ್ಟಣದ ಮೇಲೆ ಗ್ಲುಟನ್ ರಹಿತವೆಂದು ಬರೆದಿದ್ದರೆ, ನಿಯಮದಂತೆ ಅದರ ಪ್ರಮಾಣ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ.