ನಮ್ಮ ಕಾವಲಿ ಪಿಜ್ಜಾ: ಮಕ್ಕಳ ಕೈಯಲ್ಲೇ ಮಾಡಿಸಿದ ಅನುಭವ

ತರಕಾರಿಯನ್ನು ನುಣ್ಣಗೆ ರುಬ್ಬಿ ಸಾಸ್‌ನಲ್ಲಿ ಬೆರೆಸಿಬಿಡಿ, ಮಕ್ಕಳಿಗೆ ಗೊತ್ತೇ ಆಗಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಚ್ಚಿಟ್ಟು ತಿನ್ನಿಸಿದ ಸಿಹಿಗುಂಬಳ ಹೊಟ್ಟೆಗೆ ಹೋಗುತ್ತದೆ, ನಿಜ. ಆದರೆ ಮಾರನೇ ದಿನ ಅದೇ ಗುಂಬಳ ಹುಳಿಯಲ್ಲಿ ಕಂಡರೆ ತಟ್ಟೆಯ ಅಂಚಿಗೆ ಹೋಗಿ ಕೂರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪಿಜ್ಜಾ ಮಾಡುವಾಗ ಎಲ್ಲವೂ ಮಕ್ಕಳ ಕಣ್ಣೆದುರೇ ನಡೆಯುತ್ತದೆ, ಹೆಚ್ಚಿನ ಕೆಲಸ ಅವರ ಕೈಯಿಂದಲೇ ಆಗುತ್ತದೆ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಇಬ್ಬರಿಗೂ ಅವರವರ ಕೆಲಸ ಇದೆ.

ಮೊದಲು ಹಿಟ್ಟಿನ ವಿಷಯ. ಮೈದಾದಲ್ಲಿ ಗೋಧಿಯ ತೌಡೂ ಇಲ್ಲ, ಮೊಳಕೆಯ ಭಾಗವೂ ಇಲ್ಲ. ನಾನು ಮಿಲ್‌ನಲ್ಲಿ ಬೀಸಿಸಿದ ಗೋಧಿ ಹಿಟ್ಟು 300 ಗ್ರಾಂ, ರಾಗಿ ಹಿಟ್ಟು 60 ಗ್ರಾಂ ತೆಗೆದುಕೊಳ್ಳುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಮಕ್ಕಳಿಗೆ ಒಳ್ಳೆಯದು. ಹಾಗಂತ ರಾಗಿ ಜಾಸ್ತಿ ಮಾಡಲು ಹೋಗಬೇಡಿ. ಅದರಲ್ಲಿ ಗ್ಲುಟನ್ ಇಲ್ಲ, ಅಂದರೆ ಹಿಟ್ಟಿಗೆ ಜಿಗಿ ಬರುವುದಿಲ್ಲ. ಕಾಲು ಭಾಗ ದಾಟಿದರೆ ಪಿಜ್ಜಾ ಉಬ್ಬುವುದಿಲ್ಲ, ಎತ್ತಿದರೆ ಮುರಿಯುತ್ತದೆ. ಜವೆಗೋಧಿಯೂ ಅಷ್ಟೇ. ಹುಗ್ಗಿಗೆ ಅದರಷ್ಟು ಚೆನ್ನಾದ್ದು ಇನ್ನೊಂದಿಲ್ಲ, ಆದರೆ ಅದರ ಹಿಟ್ಟು ಎಳೆದರೆ ಹರಿಯುತ್ತದೆ.

ಈಸ್ಟ್ ಒಂದು ಚಮಚ, ಟೀ ಚಮಚದ ಅಳತೆ. ಈಗ ಸಿಗುವ ಇನ್‌ಸ್ಟಂಟ್ ಈಸ್ಟನ್ನು ನೇರವಾಗಿ ಹಿಟ್ಟಿಗೇ ಹಾಕಬಹುದು. ಆದರೂ ನಾವು ಗಾಜಿನ ಲೋಟದಲ್ಲಿ ಉಗುರುಬೆಚ್ಚಗಿನ ನೀರು, ಚಿಟಿಕೆ ಬೆಲ್ಲ ಹಾಕಿ ಕದಡಿ ಇಡುತ್ತೇವೆ, ಮಕ್ಕಳು ನೋಡಲಿ ಅಂತ. ಹತ್ತು ನಿಮಿಷಕ್ಕೆ ನೊರೆ ಏಳುತ್ತದೆ. "ಅಮ್ಮಾ, ಇದಕ್ಕೆ ಜೀವ ಇದ್ಯಾ?" ಅಂತ ಮಗ ಕೇಳಿದ್ದ. ಇದೆ ಕಂದ, ಬೆಲ್ಲ ತಿಂದು ಗಾಳಿ ಬಿಡುತ್ತದೆ, ಆ ಗಾಳಿಯೇ ಪಿಜ್ಜಾ ಉಬ್ಬಿಸೋದು ಅಂದೆ. ಈಗ ನೀರು ಬಿಸಿಯಾಗಿದ್ದರೆ ಅವನೇ ಬೆರಳಿಟ್ಟು ನೋಡಿ "ಬೇಡ, ಸತ್ತೋಗತ್ತೆ" ಅನ್ನುತ್ತಾನೆ. ನೀರು ಬೆರಳಿಗೆ ಹಿತವಾಗಿದ್ದರೆ ಸಾಕು. 60 ಡಿಗ್ರಿ ಹತ್ತಿರ ಹೋದರೆ ಈಸ್ಟ್ ಉಳಿಯುವುದಿಲ್ಲ.

ಹಿಟ್ಟಿಗೆ ಮುಕ್ಕಾಲು ಚಮಚ ಉಪ್ಪು, ಎರಡು ದೊಡ್ಡ ಚಮಚ ಮೊಸರು, ಅಷ್ಟೇ ಎಣ್ಣೆ ಹಾಕಿ ಕಲಸುತ್ತೇವೆ. ಈಸ್ಟ್ ಕದಡಿದ್ದೂ ಸೇರಿ ಒಟ್ಟು 240 ಎಂಎಲ್ ಆಸುಪಾಸು ನೀರು ಹಿಡಿಯುತ್ತದೆ. ಹಿಟ್ಟು ಚಪಾತಿಗಿಂತ ಸಡಿಲವಾಗಿ, ಕೈಗೆ ಸ್ವಲ್ಪ ಅಂಟುವ ಹಾಗೇ ಇರಬೇಕು. ಅಂಟುತ್ತಿದೆ ಅಂತ ಮೇಲೆ ಮೇಲೆ ಹಿಟ್ಟು ಸುರಿದರೆ ಪಿಜ್ಜಾ ಗಟ್ಟಿಯಾಗುತ್ತದೆ. ಗೋಧಿಯ ತೌಡು ನೀರನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಕಲಸಿ ಹದಿನೈದು ನಿಮಿಷ ಮುಚ್ಚಿಟ್ಟು ಆಮೇಲೆ ನಾದಿದರೆ ಆ ಅಂಟು ತಾನಾಗಿ ಕಡಿಮೆಯಾಗುತ್ತದೆ. ನಾದುವುದು ಮಗಳ ಪಾಲು. ಬೇಸಿಗೆಯಲ್ಲಿ ಒಂದು ಗಂಟೆಗೆಲ್ಲ ಹಿಟ್ಟು ಎರಡರಷ್ಟಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಎರಡು ಗಂಟೆ ಬೇಕು.

ಸಾಸ್‌ಗೆ ಅರ್ಧ ಕೆಜಿ ಟೊಮೆಟೊ. ನಾಟಿ ಟೊಮೆಟೊ ಸಾರಿಗೆ ಚೆನ್ನ. ಇಲ್ಲಿ ರಸ ಕಡಿಮೆಯಿರುವ, ಉದ್ದನೆಯ ಫಾರಂ ಟೊಮೆಟೊ ಬೇಗ ಗಟ್ಟಿಯಾಗುತ್ತದೆ. ಐದಾರು ಎಸಳು ಬೆಳ್ಳುಳ್ಳಿ, ನೆನೆಸಿ ಬೀಜ ತೆಗೆದ ಎರಡು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಖಾರ ಜಾಸ್ತಿ ಇಲ್ಲ, ಬಣ್ಣ ಮಾತ್ರ ಕೆಂಪಗೆ ಹೊಳೆಯುತ್ತದೆ. ಹುಳಿ ಮುರಿಯಲು ಸಕ್ಕರೆ ಬದಲು ಒಂದು ಹೋಳು ಸಿಹಿಗುಂಬಳ ತುರಿದು ಹಾಕುತ್ತೇನೆ. ತುರಿಯುವವಳು ಮಗಳೇ, ಹಾಗಾಗಿ ಒಳಗೆ ಏನಿದೆ ಅಂತ ಅವಳಿಗೆ ಗೊತ್ತು. ತಮ್ಮನಿಗೂ ಅವಳೇ ಹೇಳುತ್ತಾಳೆ.

ಇನ್ನು ಪಿಜ್ಜಾಕ್ಕೆ ಘಮ ಕೊಡುವ ಓರೆಗಾನೊ ಎಲೆ. ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ, ನಮ್ಮ ಬಾಲ್ಕನಿಯಲ್ಲಿ ದೊಡ್ಡಪತ್ರೆ ಇದೆ. ಅತ್ತೆ ತಂಬುಳಿಗೆ ಅಂತ ಕಿತ್ತಿಟ್ಟ ಎಲೆ ಮೂಸಿ ಮಗಳು "ಅಜ್ಜಿ, ಇದು ಪಿಜ್ಜಾ ವಾಸನೆ!" ಅಂದಳು. ಮಗು ಹೇಳಿದ್ದು ಸರಿಯಾಗೇ ಇತ್ತು. ಓರೆಗಾನೊಗೆ ಆ ಘಾಟು ಕೊಡುವ ಕಾರ್ವಕ್ರಾಲ್ ಎಂಬ ಅಂಶ ದೊಡ್ಡಪತ್ರೆಯಲ್ಲೂ ಇದೆ. ಎರಡೇ ಎರಡು ಎಲೆ ಸಣ್ಣಗೆ ಹೆಚ್ಚಿ, ಸಾಸ್ ಇಳಿಸುವಾಗ ಹಾಕಿ. ಜಾಸ್ತಿಯಾದರೆ ಕೆಮ್ಮಿನ ಕಷಾಯದ ರುಚಿ ಬರುತ್ತದೆ. ಇಟಲಿಯ ಬೇಸಿಲ್ ಅಂದರೂ ನಮ್ಮ ಕಾಮಕಸ್ತೂರಿಯ ಜಾತಿಯೇ. ಅದು ಇದ್ದರೆ ಪಿಜ್ಜಾ ಇಳಿಸಿದ ಮೇಲೆ ಹರಿದು ಹಾಕಿ.

ಮೇಲೆ ಹಾಕುವುದನ್ನು ಮಕ್ಕಳೇ ಆರಿಸುತ್ತಾರೆ, ಆದರೆ ಮೂರು ಬಣ್ಣ ಇರಲೇಬೇಕು ಅನ್ನುವುದು ಮನೆಯ ನಿಯಮ. ದಪ್ಪ ಮೆಣಸಿನಕಾಯಿ, ಈರುಳ್ಳಿ, ಬೇಯಿಸಿದ ಮೆಕ್ಕೆಜೋಳದ ಕಾಳು, ಪಾಲಕ್. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬಟ್ಟಲ ಆಚೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಯುಕೆಜಿ ಮಗುವಿಗೆ ಇದಕ್ಕಿಂತ ಒಳ್ಳೆಯ ಅಡುಗೆ ಕೆಲಸ ನನಗೆ ಗೊತ್ತಿಲ್ಲ. ಅರ್ಧ ಗಂಟೆ ಅಲ್ಲಾಡದೆ ಕೂತು ಹಿತಕುತ್ತಾನೆ. ಆ ಬೇಳೆಯನ್ನು ಚಿಟಿಕೆ ಉಪ್ಪು ಹಾಕಿ ಬೇಯಿಸಿ, ನೀರು ಬಸಿದು ಪಿಜ್ಜಾ ಮೇಲೆ ಹರಡುತ್ತೇವೆ. ತಾನು ಹಿತಕಿದ್ದನ್ನು ಅವನು ಒಂದೂ ಬಿಡುವುದಿಲ್ಲ.

ಚೀಸ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಒಂದು ಸಣ್ಣ ಪಿಜ್ಜಾಕ್ಕೆ 20 ಗ್ರಾಂ ಮೊಜರೆಲ್ಲಾ, ಅಷ್ಟೇ ಪುಡಿ ಮಾಡಿದ ಪನೀರ್. ಪ್ಯಾಕೆಟ್ ಕೊಳ್ಳುವಾಗ ಹಿಂದೆ ಬರೆದಿರುವುದನ್ನು ಓದಿ. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ ಅಂತಿದ್ದರೆ ಅದು ಚೀಸ್ ಅಲ್ಲ. ಚೀಸ್‌ನಲ್ಲೇ ಉಪ್ಪಿರುವುದರಿಂದ ಸಾಸ್‌ಗೆ ನಾನು ಉಪ್ಪು ಹಾಕುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ ಸಾಕು ಅಲ್ವಾ? ಜಾಸ್ತಿ ಚೀಸ್ ಬೇಕು ಅಂತ ಮಗಳು ಹಟ ಮಾಡಿದಾಗ ಇಟಲಿಯ ನೇಪಲ್ಸ್ ಊರಿನ ಕಥೆ ಹೇಳುತ್ತೇನೆ. ಅಲ್ಲಿಯ ಪಿಜ್ಜಾ ಮಾಡುವ ಕಲೆ 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಷ್ಟು ಹೆಸರಾದ ಊರಿನ ಮಾರ್ಗರೀಟಾ ಪಿಜ್ಜಾಕ್ಕೂ ಟೊಮೆಟೊ, ಸ್ವಲ್ಪ ಮೊಜರೆಲ್ಲಾ, ನಾಲ್ಕು ಎಲೆ, ಒಂದಿಷ್ಟು ಎಣ್ಣೆ, ಅಷ್ಟೇ.

ನಮ್ಮಲ್ಲಿ ಓವನ್ ಇಲ್ಲ. ದಪ್ಪ ತಳದ ಕಬ್ಬಿಣದ ಕಾವಲಿ ಇದೆ, ಅದೇ ಧಾರಾಳ ಸಾಕು. ಹಿಟ್ಟನ್ನು ಆರು ಉಂಡೆ ಮಾಡಿ, ಚಪಾತಿಯ ಎರಡರಷ್ಟು ದಪ್ಪಕ್ಕೆ, ಸಾಸರ್ ಅಗಲಕ್ಕೆ ಕೈಯಲ್ಲೇ ತಟ್ಟುತ್ತಾರೆ. ಒಬ್ಬೊಬ್ಬರಿಗೂ ಅವರದೇ ಪಿಜ್ಜಾ ಇದ್ದರೆ ಜಗಳವೂ ಇಲ್ಲ, ಅಳತೆ ಮೀರಿ ತಿನ್ನುವುದೂ ಇಲ್ಲ. ಮಧ್ಯಮ ಉರಿಯಲ್ಲಿ ಒಂದು ಬದಿ ಎರಡು ನಿಮಿಷ ಬೇಯಿಸಿ, ಗುಳ್ಳೆ ಎದ್ದು ಅಲ್ಲಲ್ಲಿ ಕಂದು ಚುಕ್ಕಿ ಬಂದ ಕೂಡಲೇ ತಟ್ಟೆಗೆ ಇಳಿಸಬೇಕು, ಬೆಂದ ಬದಿ ಮೇಲೆ. ಮಕ್ಕಳು ಸಾಸ್ ಸವರುವುದು, ತರಕಾರಿ ಜೋಡಿಸುವುದು ಎಲ್ಲ ಈ ತಟ್ಟೆಯಲ್ಲೇ, ಒಲೆಯಿಂದ ದೂರ. ಮತ್ತೆ ಕಾವಲಿಗೆ ಜಾರಿಸುವುದು ನನ್ನ ಕೆಲಸ, ಅದನ್ನು ಅವರಿಗೆ ಬಿಡುವುದಿಲ್ಲ. ಸಣ್ಣ ಉರಿ, ಮುಚ್ಚಳ, ಐದು ನಿಮಿಷ. ಕೊನೆಯ ಒಂದು ನಿಮಿಷ ಮುಚ್ಚಳ ತೆಗೆದರೆ ತಳ ಗರಿಯಾಗುತ್ತದೆ.

ಕಾವಲಿಯಲ್ಲಿ ಮೇಲಿನಿಂದ ಕಾವು ಬರುವುದಿಲ್ಲ ಅನ್ನುವುದು ನೆನಪಿರಲಿ. ಅಣಬೆ, ಪಾಲಕ್, ಈರುಳ್ಳಿಯನ್ನು ಮೊದಲೇ ಬಾಡಿಸಿ ನೀರು ಆರಿಸಿಕೊಳ್ಳಿ. ಇಲ್ಲದಿದ್ದರೆ ನೀರು ಬಿಟ್ಟು ಪಿಜ್ಜಾ ಮೆತ್ತಗಾಗುತ್ತದೆ. ಓವನ್ ಇರುವವರು 230 ಡಿಗ್ರಿಯಲ್ಲಿ ಚೆನ್ನಾಗಿ ಕಾಯಿಸಿಕೊಂಡು ಕೆಳಗಿನ ಅರೆಯಲ್ಲಿ ಇಟ್ಟರೆ ಹತ್ತು ಹನ್ನೆರಡು ನಿಮಿಷಕ್ಕೆ ಆಗುತ್ತದೆ.

ಜೊತೆಗೆ ಸೌತೆಕಾಯಿ ಕೋಸಂಬರಿ, ಕುಡಿಯಲು ಮಜ್ಜಿಗೆ. ಹಿಟ್ಟು ಉಳಿದರೆ ಎಣ್ಣೆ ಸವರಿ ಡಬ್ಬಿಯಲ್ಲಿ ಫ್ರಿಜ್‌ಗೆ ಇಡಿ, ಮಾರನೇ ದಿನ ರುಚಿ ಇನ್ನೂ ಚೆನ್ನಾಗಿರುತ್ತದೆ. ಸ್ಕೂಲ್ ಡಬ್ಬಿಗೆ ಪಿಜ್ಜಾ ಕಳಿಸಬೇಡಿ, ಆರಿದ ಚೀಸ್ ರಬ್ಬರಿನಂತಾಗುತ್ತದೆ. ಅದೇ ಹಿಟ್ಟಿನಲ್ಲಿ ಪಲ್ಯ, ಪನೀರ್ ಇಟ್ಟು ಕರ್ಜಿಕಾಯಿ ಆಕಾರಕ್ಕೆ ಮಡಚಿ ಬೇಯಿಸಿ ಕೊಡಿ. ಈಗ ಮಗಳಿಗೆ ಜೋಳದ ರೊಟ್ಟಿ ಮೇಲೆ ಮಾಡುವ ಆಸೆ. ಜೋಳಕ್ಕೂ ಗ್ಲುಟನ್ ಇಲ್ಲ, ಈಸ್ಟ್ ಹಾಕಿ ಉಪಯೋಗವಿಲ್ಲ. ಕುದಿಯುವ ನೀರು ಹಾಕಿ ಕಲಸಿ, ಸ್ವಲ್ಪ ದಪ್ಪಗೆ ರೊಟ್ಟಿ ಬಡಿದು, ಸಾಸ್ ಕೆಳಗೆ ಶೇಂಗಾ ಚಟ್ನಿಪುಡಿ ಉದುರಿಸಿ ನೋಡೋಣ ಅಂದಿದ್ದೇನೆ.